ಕಡಲೆ ಚೀಲ ತೆಗೆಸಿದ ಗೋಲು

ನನಗೆ ಫುಟ್‌ಬಾಲ್ ಗೊತ್ತಿರಲಿಲ್ಲ, ಇಂಗ್ಲಿಷ್ ಗೊತ್ತಿತ್ತು. ಅದಕ್ಕೇ ಕರೆದರು.

ನರಗುಂದದ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ರೋಣದಿಂದ ದಿನಾ ಬಸ್ಸಿನಲ್ಲಿ ಓಡಾಟ. ಒಂದು ದಿನ ಪಾಠ ಮುಗಿಸಿ ಬಂದಾಗ ಪ್ರಾಂಶುಪಾಲರ ಎದುರು ಬಿಳಿ ಅಂಗಿಯ ಒಬ್ಬರು ಚಹಾ ಕುಡಿಯುತ್ತ ಕುಳಿತಿದ್ದರು. ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರು, ಗಜೇಂದ್ರಗಡದವರು.

"ಮೇಡಮ್ಮರ, ಏಷ್ಯಾದಿಂದ ಒಬ್ಬರು ಬರಾಕತ್ತಾರ್ರಿ," ಅಂದರು, ಪಕ್ಕದ ಊರಿಂದ ಬೀಗರು ಬರುತ್ತಾರೆ ಎಂಬಂತೆ. "ಹೆಣ್ಮಗಳು. ಅವರಿಗೆ ಕನ್ನಡ ಬರೂದಿಲ್ಲ, ಹಿಂದೀನೂ ಬರೂದಿಲ್ಲ. ನಮಗ ಇಂಗ್ಲಿಷ್ ಬರೂದಿಲ್ಲ. ನಡುವ ನೀವು ನಿಂತರ ಆತು."

"ಏಷ್ಯಾದಾಗ ನಾವೂ ಅದೀವಿ ಅಲ್ರಿ," ಎಂದು ಪ್ರಾಂಶುಪಾಲರು ನಕ್ಕರು.

"ಅದೀವ್ರಿ, ಆದರ ನಮ್ಮನ್ನ ಯಾರ ಕೇಳ್ತಾರ?" ಎಂದು ಅಧ್ಯಕ್ಷರು ಕಪ್ಪು-ಬಸಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ವಿವರಿಸತೊಡಗಿದರು. ಇದು ತಾಲೂಕು, ಇದು ಜಿಲ್ಲೆ, ಇದು ರಾಜ್ಯ, ಇದು ದೇಶ, ಸಕ್ಕರೆ ಡಬ್ಬಿ ಏಷ್ಯಾ. ಕೆಳಗಿನವರು ಮೇಲಿನವರನ್ನು ಆರಿಸುತ್ತಾರೆ. ದೇಶದ ಸಂಸ್ಥೆಯ ದೊಡ್ಡವರಿಗೆ ಏಷ್ಯಾದ ಒಕ್ಕೂಟದ ಕಾರ್ಯಕಾರಿ ಸಮಿತಿಯಲ್ಲಿ ಒಂದು ಕುರ್ಚಿ ಬೇಕು. ಅದಕ್ಕೆ ಮೊದಲು ಅವರು ದೇಶದಲ್ಲಿ ಗೆದ್ದಿರಬೇಕು, ಅದಕ್ಕೆ ಅವರ ಮನುಷ್ಯ ರಾಜ್ಯದಲ್ಲಿ ಗೆದ್ದಿರಬೇಕು. ರಾಜ್ಯದ ಚುನಾವಣೆ ಹತ್ತಿರ ಬಂದಿತ್ತು. ಮಹಿಳೆಯರ ಲೀಗ್ ನಡೆಸದ ಜಿಲ್ಲೆಗೆ ಅದರಲ್ಲಿ ಮತವಿಲ್ಲ ಎಂದು ಹೊಸ ನಿಯಮ ಬಂದಿತ್ತು.

"ಏಷ್ಯಾದಾಗ ಒಂದ ದೇಶಕ್ಕ ಒಂದ ಓಟು. ಕೋಟಿಗಟ್ಟಲೆ ಮಂದಿ ಇದ್ದ ದೇಶಕ್ಕೂ ಒಂದ, ಸಮುದ್ರದಾಗಿನ ನಡುಗಡ್ಡಿಗೂ ಒಂದ. ಥೇಟ್ ನಮ್ಮ ಸೊಸಾಯಿಟಿ ಇಲೆಕ್ಷನ್ ಅನ್ರಿ."

"ನಮ್ಮ ಜಿಲ್ಲೆಯಲ್ಲಿ ಮಹಿಳೆಯರ ಲೀಗ್ ನಡೀತದೇನ್ರಿ?" ಎಂದೆ.

"ನಡಸೂಣಂತ್ರಿ."

ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಹುಡುಗಿಯರ ತಂಡ ಇದ್ದದ್ದು ನಿಜ. ಅವರು ಶಾಲೆ ಕಾಲೇಜಿನ ಬಯಲಲ್ಲಿ ತಮ್ಮಷ್ಟಕ್ಕೆ ಆಡಿಕೊಂಡಿದ್ದರು. ಸಣ್ಣ ಊರುಗಳಲ್ಲಿ ಹುಡುಗಿಯರ ಆಟ ಹೇಗಿದೆ ಎಂದು ನೋಡಲು ಏಷ್ಯಾದ ಒಕ್ಕೂಟದಿಂದ ವೀಕ್ಷಕಿಯೊಬ್ಬರು ಬರುವವರಿದ್ದರು. ಅವರಿಗೆ ರೋಣ ಮತ್ತು ನರಗುಂದದ ಪಂದ್ಯ ತೋರಿಸಿ, ಲೀಗ್ ಜೀವಂತವಾಗಿದೆ ಅನ್ನಿಸಬೇಕಿತ್ತು.

ನನಗೆ ಹಿಗ್ಗಾಯಿತು. ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕುವ ಅತಿಥಿ ಉಪನ್ಯಾಸಕಿಯನ್ನು ಪ್ರಾಂಶುಪಾಲರು ಅಂದು ಮೊದಲ ಸಲ ಕುರ್ಚಿ ಎಳೆದು ಕೂರಿಸಿದ್ದರು. ಬಸ್ಸಿನಲ್ಲಿ ಕೂತು ಆಟದ ನಿಯಮಗಳನ್ನು ಓದಿದೆ. ಆಫ್‌ಸೈಡ್ ಎಂದರೇನು ಎಂದು ನನ್ನ ತರಗತಿಯ ಹುಡುಗಿಯೊಬ್ಬಳನ್ನು ಕೇಳಿ ತಿಳಿದುಕೊಂಡೆ. ಚಿಕ್ಕನರಗುಂದದವಳು, ಬಿ.ಎ. ಮೊದಲ ವರ್ಷ, ಕೊನೆಯ ಬೆಂಚು, ನರಗುಂದ ತಂಡದ ಒಂಬತ್ತನೇ ನಂಬರು. ಪಾಠದಲ್ಲಿ ಬಾಯಿ ತೆರೆಯದವಳು ಡಸ್ಟರು, ಚಾಕ್‌ಪೀಸು ಜೋಡಿಸಿ ನನಗೆ ಪಾಠ ಮಾಡಿದಳು. "ಅಕ್ಕಾರ, ನೀವು ಮ್ಯಾಚಿಗೆ ಬರ್ತೀರೇನ್ರಿ? ಹಂಗಾರ ನಾ ಗೋಲ್ ಹೊಡೀತೀನಿ." ರಾಜ್ಯದ ಶಿಬಿರಕ್ಕೆ ಆಯ್ಕೆ ನಡೆಯುವುದಿತ್ತು. ಅವಳ ಕಣ್ಣು ಅದರ ಮೇಲಿತ್ತು.

ಪಂದ್ಯದ ಬೆಳಿಗ್ಗೆ ನಾನು ಬೇಗ ಬಯಲಿಗೆ ಹೋದೆ. ನರಗುಂದದ ಗುಡ್ಡದ ಕೆಳಗಿನ ಎರೆ ನೆಲ. ಬೇಸಿಗೆಗೆ ಬಿರಿದು ಕೈ ಹೋಗುವಷ್ಟು ಬಾಯಿ ಬಿಟ್ಟಿತ್ತು. ಅಲ್ಲಿ ಕಂಬ ಹೂಳಿದರೆ ನಿಲ್ಲುವುದಿಲ್ಲ, ಕಾಂಕ್ರೀಟು ಹಾಕಲು ಕಾಲೇಜು ಒಪ್ಪುವುದಿಲ್ಲ. ಹಾಗಾಗಿ ಎತ್ತಿ ಒಯ್ಯುವಂಥ ಕಬ್ಬಿಣದ ಪೈಪಿನ ಗೋಲುಗಳನ್ನು ತರಿಸಿದ್ದರು. ಮುಂದೆ ಎರಡು ಕಂಬ, ಮೇಲೊಂದು ಅಡ್ಡ ಪೈಪು, ಹಿಂದೆ ನೆಲಕ್ಕೆ ತಾಗಿದ ಇನ್ನೊಂದು ಪೈಪು. ತೂಕವೆಲ್ಲ ಮುಂದೆಯೇ ಇರುವುದರಿಂದ ಹಿಂದಿನ ಪೈಪಿನ ಮೇಲೆ ಭಾರ ಹೇರದಿದ್ದರೆ ಗೋಲು ಮುಗ್ಗರಿಸುತ್ತದೆ. ರೋಣದ ತಂಡದ ತರಬೇತುದಾರರಾದ ಪಿ.ಟಿ. ಮಾಸ್ತರರು ಹಿಂದಿನ ದಿನವೇ ಬಂದು, ಎರಡೂ ಗೋಲಿನ ಹಿಂದೆ ಕಡಲೆ ತುಂಬಿದ ಚೀಲ ಹೇರಿಸಿದ್ದರು. ಉಸುಕಿನ ಚೀಲ ಸಿಕ್ಕಿರಲಿಲ್ಲ. ನರಗುಂದದಲ್ಲಿ ಕಾಳಿನ ಚೀಲಕ್ಕೇನು ಬರ?

ಆದರೆ ಚೀಲಗಳು ಸಂಸ್ಥೆಯ ಉಪಾಧ್ಯಕ್ಷರು ನಡೆಸುವ, ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿಯವು. ಅವುಗಳ ಎರಡೂ ಮೈಗೆ ದಪ್ಪ ಕೆಂಪಕ್ಷರದಲ್ಲಿ ಉಪಾಧ್ಯಕ್ಷರ ತಂದೆಯ ಹೆಸರು, ಅಂಗಡಿಯ ಹೆಸರು. ಉಪಾಧ್ಯಕ್ಷರು ಮುಂದಿನ ಸಲ ಅಧ್ಯಕ್ಷಗಿರಿಗೆ ನಿಲ್ಲುವವರು ಎಂಬುದು ಊರಿಗೆಲ್ಲ ಗೊತ್ತಿತ್ತು.

ಅಧ್ಯಕ್ಷರು ಕಾರಿನಿಂದ ಇಳಿದವರೇ ಪೆಂಡಾಲಿನ ಪಕ್ಕದ ಗೋಲಿನ ಹಿಂದೆ ನಿಂತರು.

"ಏನ್ರಿ ಮಾಸ್ತರ, ಇದು ಗೋಲೋ, ಅಡತಿ ಅಂಗಡಿಯೋ? ಏಷ್ಯಾಕ್ಕ ಫೋಟೋ ಹೋಗ್ತದ. ಅದರಾಗ ಅವನ ಅಪ್ಪನ ಹೆಸರು ಹೋಗಬೇಕೇನು?"

"ಒಂದು ಬಟ್ಟಿ ಹೊಚ್ಚೂಣ್ರಿ ಅಧ್ಯಕ್ಷರ."

"ಹೆಣ ಹೊಚ್ಚಿದಂಗ ಕಾಣ್ತದ. ತಗಸ್ರಿ."

"ಗಾಳಿ ಬಿಟ್ಟರ ಹ್ಯಾಂಗ್ರಿ? ಬ್ಯಾಸಿಗಿ ಅಡ್ಡಮಳಿ ದಿನ. ಗುಡ್ಡದ ಮ್ಯಾಲ ಪಂಖಾ ತಿರಗಿಸಿ ಕರೆಂಟ್ ತಗಿಯೋ ಗಜೇಂದ್ರಗಡದವ್ರು ನೀವು. ನಿಮಗ ಗಾಳಿ ಅಂದ್ರೇನಂತ ನಾ ಹೇಳಬೇಕ?"

ಸುತ್ತಲಿದ್ದವರು ನಕ್ಕರು. ಅಧ್ಯಕ್ಷರೂ ನಕ್ಕರು. "ನಮ್ಮ ಹುಡುಗರು ನಾಕ ಮಂದಿ ಪೈಪಿನ ಮ್ಯಾಲ ನಿಂದರ್ತಾರ. ನಿಮ್ಮ ಕಡಲಿಗಿಂತ ಭಾರ ಅದಾರ. ಬರೇ ಉಂಡಾರ, ದುಡದಿಲ್ಲ."

ಚೀಲ ತೆಗೆದರು. ಮೈದಾನದ ಆಚೆ ತುದಿಯ ಗೋಲಿನ ಚೀಲಗಳು ಹಾಗೇ ಉಳಿದವು. ಅತ್ತ ಕ್ಯಾಮೆರಾ ತಿರುಗುವುದಿಲ್ಲ ಎಂದು ಅವನ್ನು ಬಿಟ್ಟರು. ನಾನು ಅಲ್ಲೇ ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತ ಇದನ್ನೆಲ್ಲ ನೋಡಿದೆ. ಪಂಖಾದ ಮಾತಿಗೆ ನಾನೂ ನಕ್ಕಿದ್ದೆ.

ವೀಕ್ಷಕಿ ಬಂದರು. ನಡುವಯಸ್ಸಿನ, ತೆಳ್ಳನೆಯ ಹೆಂಗಸು, ತಲೆಗೆ ಟೋಪಿ. ಇಂಗ್ಲಿಷ್ ಅವರಿಗೂ ಕಲಿತ ಭಾಷೆಯೇ, ಒಂದೊಂದು ಪದವನ್ನೂ ತೂಗಿ ನೋಡಿ ಮಾತಾಡುತ್ತಿದ್ದರು. ಹುಡುಗಿಯರು ಬಟ್ಟೆ ಬದಲಿಸುವ ಕೋಣೆ ನೋಡಿದರು. ಶೌಚಾಲಯದ ನಲ್ಲಿ ತಿರುಗಿಸಿದರು. ಆಂಬ್ಯುಲೆನ್ಸಿನ ಬಾಗಿಲು ತೆಗೆಸಿ ಒಳಗೆ ಇಣುಕಿದರು. ಪೆಂಡಾಲಿನ ಪಕ್ಕದ ಗೋಲಿನ ಅಡ್ಡ ಪೈಪಿಗೆ ಅಧ್ಯಕ್ಷರ ದೊಡ್ಡ ಫ್ಲೆಕ್ಸ್ ಬಿಗಿದಿದ್ದರು. ಕೈ ಮುಗಿದ ಫೋಟೋ, ಕೆಳಗೆ ಸ್ವಾಗತ. ಗೋಲಿನ ಮೇಲೆ ಏನೂ ಇರಬಾರದು, ದಯವಿಟ್ಟು ತೆಗೆಸಿ ಎಂದು ವೀಕ್ಷಕಿ ನನ್ನ ಮೂಲಕ ಹೇಳಿಸಿದರು.

"ಮ್ಯಾಲ ಬ್ಯಾಡಂದ್ರ ಹಿಂದ ಕಟ್ರಿ," ಅಂದರು ಅಧ್ಯಕ್ಷರು.

ಫ್ಲೆಕ್ಸನ್ನು ಬಲೆಯ ಹಿಂದೆ ಆ ಕಂಬದಿಂದ ಈ ಕಂಬಕ್ಕೆ ಎಳೆದು ಬಿಗಿದರು. ಗಾಳಿ ಹಾಯಬೇಕಾದ ಬಲೆ ಗೋಡೆಯಾಯಿತು. ವೀಕ್ಷಕಿ ನಿಟ್ಟುಸಿರು ಬಿಟ್ಟು ಏನೋ ಬರೆದುಕೊಂಡರು.

ಮೊದಲರ್ಧ ಗಾಳಿ ಇರಲಿಲ್ಲ. ಗೋಲೂ ಆಗಲಿಲ್ಲ. ಒಂಬತ್ತನೇ ನಂಬರಿನವಳು ಎರಡು ಸಲ ಹತ್ತಿರ ಹೋದಳು, ರೋಣದ ಕೀಪರ್ ಹುಡುಗಿ ಎರಡು ಸಲವೂ ಚೆಂಡಿನ ಮೇಲೆ ಬಿದ್ದಳು. "ಏಯ್ ಕೀಪರ್, ಹಾಸಿಗಿ ತರಲೇನು?" ಎಂದು ಯಾರೋ ಕೂಗಿದರೆ, ಅವಳು ಎದ್ದು ಮಣ್ಣು ಝಾಡಿಸುತ್ತ, "ತಾ, ನಿಮ್ಮ ಒಂಬತ್ತನೆಯಾಕಿ ಮಲಕೋತಾಳ," ಎಂದು ಪೆಂಡಾಲಿಗೂ ಕೇಳುವಂತೆ ಕೂಗಿದಳು. ಒಂಬತ್ತನೆಯವಳೂ ನಕ್ಕಳು. ನಾನು ಅದನ್ನು ಇಂಗ್ಲಿಷಿಗೆ ತಂದಾಗ ವೀಕ್ಷಕಿ ಗಟ್ಟಿಯಾಗಿ ನಕ್ಕರು. ನನ್ನ ಕೆಲಸ ನನಗೆ ಇಷ್ಟವಾದ ಕೊನೆಯ ಗಳಿಗೆ ಅದು.

ವಿರಾಮದಲ್ಲಿ ವೀಕ್ಷಕಿ ಗೋಲಿನ ಕಡೆ ಬೆರಳು ತೋರಿಸಿದರು. ಬಲೆಯ ಹಿಂದೆ ನಿಂತಿರುವ ಗಂಡಸರು ಯಾರು? ಆ ಗೋಲನ್ನು ನೆಲಕ್ಕೆ ಭದ್ರ ಮಾಡಿದ್ದೀರಾ?

ನಾನು ಅಧ್ಯಕ್ಷರಿಗೆ ಕೇಳಿದೆ. ಅವರು ಯಾರ ಜೊತೆಗೋ ಫೋನಿನಲ್ಲಿದ್ದರು. ಕೈಯಿಂದ ಫೋನು ಮುಚ್ಚಿ, "ಹೂಂ ಅನ್ರಿ, ಎಲ್ಲಾ ಚಲೋ ಐತಿ," ಅಂದರು.

ನಾನು ಹೇಳಿದೆ: ಅವರು ಸ್ವಯಂಸೇವಕರು. ಎರಡೂ ಗೋಲುಗಳು ಭದ್ರವಾಗಿವೆ. ಇಂದು ಬೆಳಿಗ್ಗೆಯೇ ಪರೀಕ್ಷಿಸಲಾಗಿದೆ.

ಬೆಳಿಗ್ಗೆಯ ಪರೀಕ್ಷೆ ಅಧ್ಯಕ್ಷರ ಮಾತಿನಲ್ಲಿ ಇರಲಿಲ್ಲ. ಅವರ ಸುಳ್ಳು ಒರಟಾಗಿತ್ತು, ಅದನ್ನು ಯಾರೂ ನಂಬದೇ ಹೋಗಬಹುದಿತ್ತು. ನಂಬುವಂತೆ ಮಾಡಿದ್ದು ನಾನು. ವೀಕ್ಷಕಿ ತಲೆಯಾಡಿಸಿದರು.

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಮುಖ್ಯ ಅತಿಥಿ ಬಂದರು, ತಡವಾಗಿ. ವಿರಾಮದಲ್ಲಿ ಆಗಬೇಕಿದ್ದ ಸನ್ಮಾನ ಉಳಿದಿತ್ತು. ವೀಕ್ಷಕಿ ಹುಬ್ಬಳ್ಳಿಗೆ ಹೊರಡಬೇಕಿತ್ತು. ಆಟ ನಿಲ್ಲಿಸೋಣ ಎಂದರೆ ಅಧ್ಯಕ್ಷರು ಒಪ್ಪಲಿಲ್ಲ. "ಆಟ ನಡದಿರಲಿ. ಫೋಟೋದಾಗ ಹಿಂದ ಹುಡುಗ್ಯಾರು ಓಡತಿರಬೇಕು."

ಪೆಂಡಾಲಿನ ಮುಂದೆ ಎಲ್ಲರೂ ಮೈದಾನಕ್ಕೆ ಬೆನ್ನು ಹಾಕಿ ಸಾಲಾಗಿ ನಿಂತರು. ಅವರ ಎದುರು ಫೋಟೋಗ್ರಾಫರ್, ಅವನ ಪಕ್ಕ ನಾನು. ಮಾತಾಡುವವರ ಮುಖ ನೋಡಿ ಭಾಷಾಂತರಿಸಬೇಕಲ್ಲ. ಹೀಗಾಗಿ, ಕ್ಯಾಮೆರಾದಲ್ಲಿ ಕಣ್ಣಿಟ್ಟವನನ್ನು ಬಿಟ್ಟರೆ, ಅಲ್ಲಿ ಮೈದಾನಕ್ಕೆ ಮುಖ ಮಾಡಿದ್ದವಳು ನಾನೊಬ್ಬಳೇ.

"ಬರ್ರಲೇ ಎಲ್ಲಾರೂ, ಫೋಟೋಕ್ಕ!" ಎಂದು ಅಧ್ಯಕ್ಷರು ಕೈ ಎತ್ತಿ ಕರೆದರು. ಪೈಪಿನ ಮೇಲೆ ನಿಂತ ನಾಲ್ವರೂ ಓಡಿ ಬಂದು ಸಾಲಿನ ಹಿಂದೆ ತುದಿಗಾಲಿನ ಮೇಲೆ ನಿಂತು ಮುಖ ತೂರಿಸಿದರು.

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಗಾಳಿ ಬಂತು. ಮೊದಲು ಮಣ್ಣಿನ ವಾಸನೆ, ಆಮೇಲೆ ಪೆಂಡಾಲಿನ ಬಟ್ಟೆಯ ಪಟಪಟ ಸದ್ದು. ಫ್ಲೆಕ್ಸಿನಲ್ಲಿದ್ದ ಅಧ್ಯಕ್ಷರ ಹೊಟ್ಟೆ ಉಬ್ಬಿತು. ನರಗುಂದಕ್ಕೆ ಕಾರ್ನರ್ ಕಿಕ್ ಸಿಕ್ಕಿತ್ತು. ಗೋಲಿನ ಮುಂದೆ ಹುಡುಗಿಯರು ಒತ್ತಿ ನಿಂತಿದ್ದರು, ಅಡ್ಡ ಪೈಪಿನ ಕೆಳಗೆ ಕೀಪರ್.

ಹಿಂದಿನ ಪೈಪು ನೆಲದಿಂದ ಒಂದು ಗೇಣು ಮೇಲೆದ್ದು ಮತ್ತೆ ಕೂತದ್ದನ್ನು ನಾನು ನೋಡಿದೆ.

ಅಧ್ಯಕ್ಷರು ಹೇಳುತ್ತಿದ್ದರು, "ಈ ಭಾಗದ ಹೆಣ್ಣುಮಕ್ಕಳಿಗೆ ಸುರಕ್ಷಿತ ವಾತಾವರಣ ಕೊಡೂದು ನಮ್ಮ ಧರ್ಮ." ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಪೈಪು ಮತ್ತೆ ಎದ್ದಿತು. ನಾನು ವಾಕ್ಯ ಮುಗಿಸಿದೆ. ಈಗಲೂ ಬಸ್ಸಿನಲ್ಲಿ, ತರಗತಿಯಲ್ಲಿ, ಅಡುಗೆಮನೆಯಲ್ಲಿ ನನಗೆ ಕೇಳಿಸುವುದು ಕಬ್ಬಿಣದ ಸದ್ದಲ್ಲ, ನಾನು ಪೂರ್ತಿ ಮಾಡಿದ ಆ ವಾಕ್ಯ. ಕೂಗಲು ಒಂದು ಉಸಿರು ಸಾಕಿತ್ತು, ಆ ಉಸಿರನ್ನು ಅದಕ್ಕೆ ಖರ್ಚು ಮಾಡಿದೆ.

ಚೆಂಡು ಗಾಳಿಯಲ್ಲಿತ್ತು. ಒಂಬತ್ತನೇ ನಂಬರಿನವಳು ಚೆಂಡನ್ನು ಬಿಟ್ಟು ಕೀಪರಿನ ಜರ್ಸಿಗೆ ಕೈ ಹಾಕಿ, ಎರಡೂ ಕೈಯಿಂದ ಅವಳನ್ನು ತನ್ನ ಕಡೆ ಜಗ್ಗಿದಳು. ಇಬ್ಬರೂ ಬಿದ್ದರು. ರೆಫರಿ ಸೀಟಿ ಊದಿ ಹಳದಿ ಕಾರ್ಡಿಗೆ ಕಿಸೆಯಲ್ಲಿ ಕೈ ಹಾಕಿದ. ಕಾರ್ಡು ಮೇಲೆತ್ತಿದ ಕೈ ಅಲ್ಲೇ ನಿಂತಿತು. ಗೋಲು ಮುಂದಕ್ಕೆ ಮಗುಚಿ, ಕೀಪರ್ ನಿಂತಿದ್ದ ಜಾಗಕ್ಕೆ ಅಡ್ಡ ಪೈಪು ಬಡಿಯಿತು. ಕೀಪರಿನ ತಲೆಗೂ ಅದಕ್ಕೂ ನಡುವೆ ಒಂದು ಮೊಳ ಇತ್ತು. ಜಗ್ಗಿದವಳ ಎಡಗಾಲು ಮಾತ್ರ ಕಂಬದ ಕೆಳಗೆ ಸಿಕ್ಕಿತು.

ಗೋಲು ಎತ್ತಲು ಓಡಿದವರಲ್ಲಿ ಆ ನಾಲ್ವರೂ ಇದ್ದರು. ಪಿ.ಟಿ. ಮಾಸ್ತರರು ಕಾಲಿಗೆ ಪಟ್ಟಿ ಕಟ್ಟುತ್ತ ಅಳುತ್ತಿದ್ದರು. ಆಂಬ್ಯುಲೆನ್ಸಿನ ಮುಂದೆ ಮುಖ್ಯ ಅತಿಥಿಯ ಕಾರು ನಿಂತಿತ್ತು, ಚಾಲಕ ಫೋಟೋದ ಸಾಲಿನಲ್ಲಿದ್ದ. ಅವನನ್ನು ಹುಡುಕಿ ಕಾರು ತೆಗೆಸಿ ಹುಡುಗಿಯನ್ನು ದವಾಖಾನೆಗೆ ಕಳಿಸಿದೆವು. ಕೀಪರ್ ಹುಡುಗಿ ನೆಲದ ಮೇಲೆ ಕೂತು ತನ್ನ ಹರಿದ ಜರ್ಸಿಯನ್ನು ಹಿಡಿದುಕೊಂಡು, "ಆಕೀನ ಯಾಕ ಒಯ್ದ್ರಿ, ಅದು ಬೀಳೂದು ನನ್ನ ಮ್ಯಾಲ ಇತ್ತಲ್ಲ?" ಎಂದು ಕೇಳುತ್ತಲೇ ಇದ್ದಳು.

ವೀಕ್ಷಕಿ ನನ್ನ ಬಳಿ ಬಂದರು. ಇದು ಹೇಗಾಯಿತೆಂದು ಅವರನ್ನು ಕೇಳಿ, ಅಂದರು.

ಅಧ್ಯಕ್ಷರ ಮುಖ ಬೂದಿಯಾಗಿತ್ತು, ಆದರೆ ಮಾತು ಸಿದ್ಧವಿತ್ತು. "ಹುಡುಗ್ಯಾರು ಒಬ್ಬರನ್ನೊಬ್ಬರು ಜಗ್ಗ್ಯಾಡಿ ಕಂಬಕ್ಕ ಬಡದಾರ, ಅದಕ ಬಿತ್ತು. ರೆಫ್ರೀನೂ ಕಾರ್ಡ್ ಕೊಟ್ಟಾನ. ಹಂಗ ಹೇಳ್ರಿ."

ನಾನು ಹಾಗೇ ಹೇಳಿದೆ, ಒಂದು ಪದವನ್ನೂ ತಿದ್ದದೆ. ಆಮೇಲೆ, ಇದು ಅವರ ಮಾತು, ಇನ್ನು ಹೇಳುವುದು ನನ್ನದು ಎಂದೆ. ಗೋಲಿನ ಭಾರವನ್ನು ಬೆಳಿಗ್ಗೆ ತೆಗೆಸಿದರು, ನಾನು ಅಲ್ಲಿದ್ದೆ. ಆ ಗಂಡಸರು ಚೀಲದ ಬದಲು ನಿಂತಿದ್ದರು. ವಿರಾಮದಲ್ಲಿ ನಾನು ನಿಮಗೆ ಹೇಳಿದ್ದು ಸುಳ್ಳು. ಎರಡೂ ಕಡೆಯವರಿಗೆ ತಿಳಿಯಬೇಕಲ್ಲ, ಅದನ್ನೇ ಕನ್ನಡದಲ್ಲಿ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.

"ಯಾರ ಕಡೆಯವ್ರ್ರಿ ನೀವು?" ಎಂದು ಅಧ್ಯಕ್ಷರು ಮೆಲ್ಲಗೆ ಕೇಳಿದರು.

ಹಿಂದಿನಿಂದ ಉಪಾಧ್ಯಕ್ಷರು, "ಹೇಳ್ರಿ ಬಾಯಾರ, ಅಂಜಬ್ಯಾಡ್ರಿ, ಇನ್ನೊಮ್ಮೆ ಹೇಳ್ರಿ!" ಎಂದರು. ಅವರ ದನಿಯಲ್ಲಿ ಹುರುಪಿತ್ತು. ಅವರ ಬೆಂಬಲಿಗನೊಬ್ಬ ಆಗಲೇ ಮೊಬೈಲಿನಲ್ಲಿ ನನ್ನನ್ನು ಚಿತ್ರಿಸುತ್ತಿದ್ದ.

ವೀಕ್ಷಕಿ ನನಗೆ ಕೃತಜ್ಞತೆ ಹೇಳಲಿಲ್ಲ. ಬೈಯಲೂ ಇಲ್ಲ. "ನಾನು ನಿಮ್ಮನ್ನು ಕೇಳಿದ್ದು ವಿರಾಮದಲ್ಲಿ," ಎಂದಷ್ಟೇ ಹೇಳಿ ದವಾಖಾನೆಯ ದಾರಿ ಕೇಳಿದರು.

ಮುಂದಿನದ್ದೆಲ್ಲ ನಾನು ಅವರಿವರಿಂದ ತಿಳಿದದ್ದು. ವೀಕ್ಷಕಿ ಕಂಡದ್ದನ್ನು ಕಂಡ ಹಾಗೆ ಬರೆದರಂತೆ. ಅದಕ್ಕೆ ರಾಜ್ಯದವರು ಅಕಾಲಿಕ ಗಾಳಿ ಎಂದು ಉತ್ತರ ಕೊಟ್ಟರಂತೆ. ಶುರುವಾದ ಪಂದ್ಯ ಪೂರ್ತಿ ಆಗದಿದ್ದರೂ ಲೆಕ್ಕಕ್ಕೆ ಸೇರುತ್ತದೆ ಎಂದು ಅವರ ನಿಯಮ. ಹಾಗಾಗಿ ಜಿಲ್ಲೆಗೆ ಮತ ಸಿಕ್ಕಿತು. ಉಪಾಧ್ಯಕ್ಷರು ಹಣ್ಣಿನ ಬುಟ್ಟಿ ಹಿಡಿದು ರೋಣದ ನಮ್ಮ ಮನೆಗೆ ಬಂದು, ಅಂದು ಹೇಳಿದ್ದನ್ನು ಬರೆದು ಸಹಿ ಮಾಡಿಕೊಡಿ ಎಂದು ಕೇಳಿದರು. ಬರೆದುಕೊಟ್ಟೆ. ಕೆಲವು ದಿನಕ್ಕೆ ಅವರಿಗೂ ಅಧ್ಯಕ್ಷರಿಗೂ ರಾಜಿಯಾಗಿ, ಅವರಿಗೆ ರಾಜ್ಯದಲ್ಲೊಂದು ಹುದ್ದೆ ಸಿಕ್ಕಿತು. ನಾನು ಬರೆದುಕೊಟ್ಟದ್ದು ಅದರ ಬೆಲೆಯಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಸುರಕ್ಷತೆಯ ಕಾರಣ ಕೊಟ್ಟು ಹುಡುಗಿಯರ ಲೀಗನ್ನು ಮುಂದಿನ ಆದೇಶದವರೆಗೆ ನಿಲ್ಲಿಸಿದರು. ಎರಡೂ ಗೋಲುಗಳು ಉಪಾಧ್ಯಕ್ಷರ ಗೋದಾಮಿನಲ್ಲಿ ಕಡಲೆ ಚೀಲಗಳ ಹಿಂದೆ ಇವೆ.

ಸನ್ಮಾನದ ಫೋಟೋ ನನ್ನ ಮೊಬೈಲಿಗೂ ಬಂತು. ಎಲ್ಲರೂ ನಗುತ್ತಿದ್ದಾರೆ. ಹಿಂದೆ ಗೋಲು ನೆಟ್ಟಗೆ ನಿಂತಿದೆ.

ಒಂಬತ್ತನೇ ನಂಬರಿನವಳ ಕಾಲಿಗೆ ಹುಬ್ಬಳ್ಳಿಯಲ್ಲಿ ರಾಡ್ ಹಾಕಿದರು. ಶಿಬಿರದ ಆಯ್ಕೆ ಅವಳಿಲ್ಲದೆ ನಡೆಯಿತು. ಅವಳನ್ನು ನೋಡಲು ಚಿಕ್ಕನರಗುಂದಕ್ಕೆ ಹೋಗಲು ನನಗೆ ಬಹಳ ದಿನ ಕಾಲು ಏಳಲಿಲ್ಲ. ಹೋದಾಗ ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ರೋಣದ ಕೀಪರ್ ಹುಡುಗಿ ಪ್ರತಿ ಭಾನುವಾರ ಬಂದು ಹೋಗುತ್ತಾಳಂತೆ.

"ನಿನಗ ಹ್ಯಾಂಗ ಗೊತ್ತಾತವಾ, ಅದು ಬೀಳತೈತಂತ? ನೀನು ಕಾರ್ನರ್ ಕಡೆ ನೋಡ್ತಿದ್ದಿ," ಎಂದೆ.

"ಇಲ್ರಿ ಅಕ್ಕಾರ, ನಿಮ್ಮನ್ನ ನೋಡ್ತಿದ್ದೆ. ಗೋಲ್ ಹೊಡೀತೀನಿ ಅಂದಿದ್ನೆಲ್ರಿ, ನೀವು ನೋಡಾಕತ್ತೀರೋ ಇಲ್ಲೋ ಅಂತ. ನಿಮ್ಮ ಬಾಯಿ ಇಂಗ್ಲಿಷ್ ಮಾತಾಡ್ತಿತ್ರಿ, ಕಣ್ಣು ಬ್ಯಾರೆ ಎಲ್ಲೋ ಇದ್ದುವು. ಭಾಳ ಅಂಜಿದ್ದುವು. ಎಲ್ಲಿ ನೋಡ್ತಾರಪಾ ಅಂತ ಹೊಳ್ಳಿ ನೋಡಿದೆ. ನೀವ ಉಳಿಸಿದ್ರಿ ನೋಡ್ರಿ ಆಕೀನ."

ಅವಳ ತಾಯಿ ಒಳಗಿನಿಂದ ಚಹಾ ತಂದು, "ಹೌದ್ರಿ ಬಾಯಾರ, ಊರಾಗೆಲ್ಲಾ ಹಂಗ ಹೇಳ್ಯಾಳ್ರಿ," ಅಂದರು.

"ಅಕ್ಕಾರ, ಒಂದ ಕೇಳಲೇನ್ರಿ?" ಎಂದು ಅವಳು ದನಿ ಇಳಿಸಿದಳು. "ಆನ್‌ಲೈನಿನ್ಯಾಗ ಮ್ಯಾಚಿನ ರಿಪೋರ್ಟ್ ಐತಲ್ರಿ, ಅದರಾಗ ನನ್ನ ಹೆಸರಿನ ಮುಂದ ಆ ಹಳದಿ ಕಾರ್ಡ್ ಹಂಗ ಐತ್ರಿ. ಗೋಲ್ ಕಂಬ ಬಿದ್ದದ್ದು ಅದರಾಗ ಇಲ್ಲಂತ. ಕಾರ್ಡ್ ಒಂದ ಐತಂತ. ಅದು ಹೋಗ್ತದೇನ್ರಿ?"

ಇಂಗ್ಲಿಷಿನಲ್ಲಿ ಒಂದು ಮನವಿ ಬರೆಯುತ್ತೇನೆ, ನಡೆದದ್ದನ್ನೆಲ್ಲ ಬರೆಯುತ್ತೇನೆ, ನೀನು ತಪ್ಪೇ ಮಾಡಿಲ್ಲ ಎಂದು ತೋರಿಸೋಣ ಎಂದೆ. ಹೇಳುತ್ತ ಹೇಳುತ್ತ ನನ್ನ ಮಾತು ಮತ್ತೆ ಅಚ್ಚುಕಟ್ಟಾಗುತ್ತಿತ್ತು.

ಅವಳು ಮೆಂತ್ಯದ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಳು.

"ತಪ್ಪ ಮಾಡಿಲ್ಲಂತ ಬರಿಬ್ಯಾಡ್ರಿ," ಅಂದಳು. "ಜರ್ಸಿ ಜಗ್ಗಿದ್ದು ಖರೇನ ಐತಲ್ರಿ. ಯಾಕ ಜಗ್ಗಿದೆ ಅಂತಷ್ಟ ಬರೀರಿ."